ತೂತಿಲ್ಲದ ಗಿಟಾರು

ನಮ್ಮ ಮನೆಗೆ ಯಾವ ವಸ್ತುವೂ ನೆಟ್ಟಗೆ ಬಂದದ್ದೇ ಇಲ್ಲ. ಹೊಲಿಗೆ ಯಂತ್ರ ತಂದ ದಿನ ಅದು ನಮಗಿಂತ ಮೊದಲೇ ಯಾವುದೋ ಊರಿನಲ್ಲಿ ಬಸ್ಸಿನಿಂದ ಇಳಿದುಹೋಗಿತ್ತು. ರುಬ್ಬುವ ಕಲ್ಲು ತಂದ ದಿನ ಜೀಪಿನ ಚಕ್ರ ಕಳಚಿ ನಮಗಿಂತ ಮುಂದೆ ಓಡಿತ್ತು. ಆದರೆ ನನ್ನ ನಾದಿನಿಗೆ ಒಂದು ಗಿಟಾರು ಕೊಳ್ಳಲು ಹೊರಟಾಗ ಆದದ್ದರ ಮುಂದೆ ಇವೆಲ್ಲ ಏನೂ ಅಲ್ಲ.

ನಾನು ಗದಗಿನ ಕಡೆಯವಳು. ಕರಿಮಣ್ಣು, ಜೋಳದ ರೊಟ್ಟಿ ಬಿಟ್ಟು ವಯನಾಡಿನ ಕಾಟ್ಟಿಕುಳಂಗೆ ಸೊಸೆಯಾಗಿ ಬಂದೆ. ಗಂಡನ ಮನೆಯವರು ಗುಂಡ್ಲುಪೇಟೆ ಕಡೆಯಿಂದ ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆ ನಿಂತವರು. ಯಜಮಾನರದ್ದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಆಗಿನ ಕಾಲ ಹೇಗಿತ್ತೆಂದರೆ, ಕಾಡಿನಲ್ಲಿ ನಕ್ಸಲರು ಇದ್ದಾರೆ ಎಂದು ರಸ್ತೆಯ ತುಂಬ ಪೊಲೀಸರು. ಬೆಳಗಾದರೆ ಯಾವ ಎಸ್ಟೇಟಿನ ಬೇಲಿಯೊಳಗೆ ಯಾರು ಗುಡಿಸಲು ಹಾಕಿದರು ಎಂಬ ಸುದ್ದಿ. ಯಾರೂ ಕೂತಲ್ಲಿ ಕೂರುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಚಡಪಡಿಸುತ್ತಿದ್ದವಳು ನನ್ನ ನಾದಿನಿ. ಆದರೆ ಅವಳ ಚಡಪಡಿಕೆಯೆಲ್ಲ ಬೆರಳುಗಳಲ್ಲಿತ್ತು.

೧. ನಿಂತು ಬಾರಿಸುವುದು

ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುವಾಗ ನಾದಿನಿ ಪಕ್ಕದ ಮನೆಯ ಹೆಂಗಸೊಬ್ಬರಿಂದ ಗಿಟಾರು ಕಲಿತಿದ್ದಳು. ಊರಿಗೆ ವಾಪಸು ಬಂದಾಗ ವಿದ್ಯೆ ಬಂತು, ವಾದ್ಯ ಬರಲಿಲ್ಲ. ಅಂದಿನಿಂದ ಬೆರಳು ನಿಲ್ಲದು. ಮೊರದ ಮೇಲೆ, ತಟ್ಟೆಯ ಮೇಲೆ, ಬಸ್ಸಿನ ಕಂಬಿಯ ಮೇಲೆ ಬಾರಿಸುತ್ತಿದ್ದಳು. ನಾನು ತಲೆ ಬಾಚಿಕೊಳ್ಳಲು ಕೂತರೆ ನನ್ನ ಬೆನ್ನನ್ನೂ ಬಿಡುತ್ತಿರಲಿಲ್ಲ.

ಆಗ ಮೀನಂಗಡಿಯ ಒಂದು ಗಾನಮೇಳದ ತಂಡದಲ್ಲಿ ಗಿಟಾರು ಬಾರಿಸುವವನು ಕೊಲ್ಲಿ ದೇಶಕ್ಕೆ ದುಡಿಯಲು ಹೋದನೆಂದು ಸುದ್ದಿ ಬಂತು. ತಂಡ ನಡೆಸುತ್ತಿದ್ದವರು ಒಬ್ಬರು ಮಾಷ್, ಅಂದರೆ ನಮ್ಮ ಕಡೆಯ ಮೇಷ್ಟ್ರು. ಯಜಮಾನರ ಮೈಕನ್ನು ಅವರು ಬಹಳ ಸಲ ಬಾಡಿಗೆಗೆ ತೆಗೆದುಕೊಂಡಿದ್ದರು. "ನೋಡೋಣ, ಹುಡುಗಿ ಬಾರಿಸಿ ತೋರಿಸಲಿ" ಎಂದರು.

ನಮ್ಮತ್ತೆಗೆ ಇದು ಗಂಟಲಲ್ಲಿ ಇಳಿಯಲಿಲ್ಲ. ಗುಂಡ್ಲುಪೇಟೆಯ ಹೊಗೆಸೊಪ್ಪಿನ ಮಂಡಿಯವರೊಬ್ಬರು ಆಗಲೇ ಹೆಣ್ಣು ನೋಡಿ ಹೋಗಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗಿ ಹೊಗೆಸೊಪ್ಪಿನ ಘಾಟಿಗೆ ಸೀನುತ್ತಾಳಾ?" ಉತ್ತರ ಹೇಳುವ ಮೊದಲೇ ನಾದಿನಿ ಸೀನಿದ್ದಳು. ಆದರೂ ಅವರು ಒಪ್ಪಿದ್ದರು.

ಅತ್ತೆ ಕೊನೆಗೆ ಒಂದು ಗಡುವು ಹಾಕಿದರು. "ವಿಷು ಹಬ್ಬದೊಳಗೆ ಆ ತಂಡಕ್ಕೆ ಸೇರಿಕೊಂಡ್ರೆ ಸರಿ. ಇಲ್ಲಾಂದ್ರೆ ಮಂಡಿಯವರಿಗೆ ಹೂಂ ಅಂದುಬಿಡ್ತೀನಿ. ಆಮೇಲೆ ಸೀನು, ಕೆಮ್ಮು, ನಿನ್ನಿಷ್ಟ."

ಸ್ವಲ್ಪ ಹೊತ್ತು ಬಿಟ್ಟು ಮೆತ್ತಗೆ ಕೇಳಿದರು, "ಹೋಗ್ಲಿ, ಅದನ್ನ ವೀಣೆ ತರ ಕೂತು ಬಾರಿಸೋದು ತಾನೇ?"

"ಇಲ್ಲಮ್ಮ, ನಿಂತು."

"ನಿಂತು ಬಾರಿಸೋಕೆ ಅದೇನು ದೇವಸ್ಥಾನದ ಗಂಟೆಯೇನೇ?"

೨. ಬಿಡದ ಮುಷ್ಟಿ

ಅಭ್ಯಾಸಕ್ಕೆಂದು ಮಾಷ್ ತಮ್ಮದೇ ಹಳೆಯ ಗಿಟಾರೊಂದನ್ನು ಕೊಟ್ಟು ಕಳಿಸಿದರು. ನಡುವೆ ದುಂಡನೆಯ ತೂತಿರುವ, ಹೊಟ್ಟೆ ಪೊಳ್ಳಾದ ಮಾಮೂಲಿ ಗಿಟಾರು. ನಾವಿಬ್ಬರೂ ಅದನ್ನು ಮೀನಂಗಡಿಯಿಂದ ಬಸ್ಸಿನಲ್ಲಿ ತರುವಾಗ ದಾರಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿದರು.

ಒಬ್ಬ ದಪ್ಪ ಕಾನ್‌ಸ್ಟೇಬಲ್ ಗಿಟಾರಿನ ತೂತಿಗೆ ಕಣ್ಣಿಟ್ಟು ನೋಡಿದ. "ಸಾರೇ! ಒಳಗೆ ಕಾಗದ ಉಂಟು!" ಎಂದು ಕೂಗಿದ. ಕರಪತ್ರಗಳನ್ನು ಹುಡುಕುತ್ತಿದ್ದ ದಿನಗಳವು. ಒಳಗಿದ್ದದ್ದು ಗಿಟಾರು ಮಾಡಿದವರು ಅಂಟಿಸಿದ ಚೀಟಿ. ನಾದಿನಿ ಹಾಗೆಂದು ಹೇಳುವಷ್ಟರಲ್ಲಿ ಆತ ತಂತಿ ಸರಿಸಿ ಕೈ ಒಳಗೆ ಹಾಕಿ ಚೀಟಿ ಹಿಡಿದೇಬಿಟ್ಟ. ಚೀಟಿಯ ಜೊತೆ ಒಳಗಿನ ಮರದ ಸೀಳೂ ಮುಷ್ಟಿಗೆ ಬಂತು. ಈಗ ಮುಷ್ಟಿ ಹೊರಗೆ ಬರುತ್ತಿಲ್ಲ.

"ಕೈ ಬಿಚ್ಚೋ" ಎಂದರು ಎಸ್ಐ.

"ಸಾಕ್ಷಿ, ಸಾರೇ!"

"ಬಿಚ್ಚೋ ಅಂದೆ!"

"ಬಿಚ್ಚಿದ್ರೆ ಒಳಗೇ ಬೀಳ್ತದೆ ಸಾರೇ!"

ಬಸ್ಸಿನವರೆಲ್ಲ ಇಳಿದು ಸುತ್ತ ನಿಂತರು. ಆತ ಬಲಗೈಗೆ ಗಿಟಾರು ತೊಟ್ಟುಕೊಂಡು ರಸ್ತೆಯ ನಡುವೆ ನಿಂತಿದ್ದ. ಎಸ್ಐ ಗಿಟಾರು ಹಿಡಿದು ಎಳೆದರು, ಇನ್ನೊಬ್ಬ ಪೊಲೀಸ್ ಈತನನ್ನು ಹಿಡಿದು ಎಳೆದ. ಚಟ್ ಎಂದು ಗಿಟಾರಿನ ಹೊಟ್ಟೆ ಸೀಳಿತು. ಚೀಟಿಯನ್ನು ಬೆಳಕಿಗೆ ಹಿಡಿದು ಎಸ್ಐ ಗಟ್ಟಿಯಾಗಿ ಓದಿದರು. ಅದರಲ್ಲಿ 'ಬಿಸಿಲಿನಲ್ಲಿ ಇಡಬಾರದು, ಬಹಳ ಜೋಪಾನ' ಎಂದಿತ್ತು.

೩. ಹೊಟ್ಟೆ ಇಲ್ಲದ್ದು

ಒಡೆದ ಗಿಟಾರು ನೋಡಿ ಮಾಷ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಇನ್ನು ನಿಮ್ಮದೇ ಗಿಟಾರು ತೆಗೆದುಕೊಂಡು ಬನ್ನಿ. ಕೇಳುತ್ತೇನೆ" ಎಂದಷ್ಟೇ ಹೇಳಿದರು. ವಿಷು ಹತ್ತಿರ ಬರುತ್ತಿತ್ತು.

ಯಜಮಾನರು ಜಗುಲಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೀರ್ಪು ಕೊಟ್ಟರು. "ಎಲೆಕ್ಟ್ರಿಕ್ ಗಿಟಾರೇ ಸರಿ. ಇಡೀ ಮೈ ಗಟ್ಟಿ ಮರ. ತೂತಿಲ್ಲ, ಪೊಳ್ಳಿಲ್ಲ. ಮೈಕಿನ ಮುಂದೆ ಕೂಯ್ ಅಂತ ಅರಚೋದೂ ಇಲ್ಲ, ಪೊಲೀಸರು ಕೈ ಹಾಕೋಕೆ ಜಾಗವೂ ಇಲ್ಲ. ವೈರು ಸಿಗಿಸಿ, ನನ್ನ ಆಂಪ್ಲಿಫೈಯರಿಗೆ ಕೊಟ್ಟರೆ ಮುಗೀತು."

ಹಿತ್ತಿಲಿನಾಚೆ ಹೊಸದಾಗಿ ಗುಡಿಸಲು ಹಾಕಿಕೊಂಡಿದ್ದ ಅಡಿಯ ಬುಡಕಟ್ಟಿನ ಮುದುಕಿಯೊಬ್ಬಳು ನೀರಿಗೆ ಬಂದವಳು ನಿಂತು ಕೇಳುತ್ತಿದ್ದಳು. ಅವಳ ಜನ ತಲೆತಲಾಂತರದಿಂದ ಜಮೀನ್ದಾರರ ಗದ್ದೆಯಲ್ಲಿ ಅಳತೆಯ ಭತ್ತಕ್ಕೆ ಅರೆಹೊಟ್ಟೆಯಲ್ಲಿ ದುಡಿದವರು. ಆ ವರ್ಷ ಮೊದಲ ಸಲ ತಲೆಯೆತ್ತಿ ಜಾಗ ಕೇಳಿದ್ದರು. ಅವಳು ಕೊಡ ಸೊಂಟಕ್ಕಿಟ್ಟುಕೊಂಡು ಗೋಡೆಯ ಚಿತ್ರವನ್ನು ಎರಡೂ ಕಡೆಯಿಂದ ನೋಡಿದಳು.

"ನಾವು ಬಡಿಯುವ ತುಡಿಗೆ ಹೊಟ್ಟೆ ಉಂಟು. ಇದಕ್ಕೆ ಹೊಟ್ಟೆಯೇ ಇಲ್ಲವಲ್ಲ ಅಮ್ಮಾ?"

"ಇಲ್ಲಜ್ಜಿ. ಹೊಟ್ಟೆ ಇಲ್ಲದೆಯೇ ಹಾಡುತ್ತೆ" ಎಂದೆ.

"ಹಾಗಾದರೆ ಇದು ಮೊದಲು ಯಾವ ಜಮೀನ್ದಾರನ ಗದ್ದೆಯಲ್ಲಿತ್ತು?" ಎಂದು ಕೇಳಿ, ತಾನೇ ನಕ್ಕು, ನೀರು ಹೊತ್ತುಕೊಂಡು ಹೋದಳು.

೪. ಬಡವರ ಬಣ್ಣ

ಗಿಟಾರು ಕೊಳ್ಳಲು ನಾವಿಬ್ಬರೂ ಮೈಸೂರಿಗೆ ಹೋದೆವು. ಹೊರಡುವಾಗ ಯಜಮಾನರು ಮೂರು ಮಾತು ಹೇಳಿ ಕಳಿಸಿದ್ದರು: ತೂತಿರಬಾರದು, ಕೆಂಪಿರಬಾರದು, ಕೈಗೆಟುಕಬೇಕು. ಕೆಂಪು ಅಂದರೆ ಆಗ ಅಷ್ಟು ಭಯ. ನಮ್ಮ ಕಡೆಯ ದರ್ಜಿ ಕೆಂಪು ಲಂಗ ಹೊಲಿಯಲು ಕೊಟ್ಟರೂ ಬಾಗಿಲು ಮುಂದೆ ಮಾಡಿಕೊಂಡು ಹೊಲಿಯುತ್ತಿದ್ದ.

ಅಂಗಡಿಯಲ್ಲಿ ಗೋಡೆಯ ತುಂಬ ಗಿಟಾರು. ನಾದಿನಿ ಒಂದೊಂದನ್ನೇ ಇಳಿಸಿ, ಕುತ್ತಿಗೆ ಬಾಗಿದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಕುತ್ತಿಗೆಯ ಮೇಲಿನ ತಗಡಿನ ಪಟ್ಟಿಗಳ ಅಂಚು ಬೆರಳಿಗೆ ಚುಚ್ಚುತ್ತದೆಯೋ ಎಂದು ಸವರುತ್ತಿದ್ದಳು. ತಂತಿ ಬಿಗಿಯುವ ಕಿವಿಗಳು ಜಾರುತ್ತವೆಯೋ ಎಂದು ತಿರುಗಿಸಿ ಕಾಯುತ್ತಿದ್ದಳು. ನನಗೆ ಇದೊಂದೂ ತಿಳಿಯದು. ಸುಮ್ಮನೆ ನಿಲ್ಲಲಾಗದೆ ನಾನೂ ಬೆರಳು ಮಡಚಿ ಒಂದೊಂದರ ಮೇಲೆ ಕುಟ್ಟಿ, ಕಿವಿಗೊಟ್ಟು ಕೇಳತೊಡಗಿದೆ.

ಅಂಗಡಿಯವರು ಸ್ವಲ್ಪ ಹೊತ್ತು ತಡೆದುಕೊಂಡರು. "ಅಮ್ಮಾ, ಅದು ತೆಂಗಿನಕಾಯಲ್ಲ."

"ಗೊತ್ತದ ರೀ. ಒಳಗ ನೀರಿಲ್ಲ ಅಂತ ಖಾತ್ರಿ ಮಾಡಿಕೋತೀನಿ" ಎಂದೆ.

ನೆಟ್ಟಗಿದ್ದದ್ದು, ಚುಚ್ಚದ್ದು, ಜಾರದ್ದು, ನಮ್ಮ ಕೈಗೆಟುಕುವಂಥದ್ದು ಇಡೀ ಅಂಗಡಿಯಲ್ಲಿ ಒಂದೇ ಇತ್ತು. ಅದು ಮದುವಣಗಿತ್ತಿಯ ಸೀರೆಯ ಹಾಗೆ ಕೆಂಪಗಿತ್ತು.

"ಇದಕ್ಕೇಕೆ ಇಷ್ಟು ಕಡಿಮೆ?" ಎಂದಳು ನಾದಿನಿ.

"ಈ ಬಣ್ಣ ಈಗ ಯಾರೂ ಒಯ್ಯಲ್ಲಮ್ಮ."

ನಾದಿನಿ ಅದನ್ನು ಕೆಳಗಿಡಲೊಲ್ಲಳು. ಬೆರಳುಗಳು ಅದರ ಮೇಲೆ ಓಡುತ್ತಲೇ ಇದ್ದವು. "ಅತ್ತಿಗೆ, ಬಣ್ಣ ಕೆರೆಸಿಬಿಟ್ರೆ?" ಎಂದಳು.

ಅಂಗಡಿಯ ಹಿಂದೆ ಒಬ್ಬ ಬಡಗಿ ಇದ್ದ. ಮಧ್ಯಾಹ್ನದ ತನಕ ಉಪ್ಪುಕಾಗದ ಹಾಕಿ ಉಜ್ಜಿ ಉಜ್ಜಿ, ಕೆಂಪು ಚೂರೂ ಉಳಿಯದಂತೆ ಬೋಳಿಸಿದ. ಒಳಗಿನಿಂದ ಚೆಂದದ ಗೆರೆಗೆರೆಯ ಮರ ಹೊರಬಂತು. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, "ಅಯ್ಯೋ, ಇಷ್ಟು ಚೆನ್ನಾಗಿತ್ತು ಅಂತ ಗೊತ್ತಿದ್ರೆ ನಾನೇ ಬೋಳಿಸಿ ಎರಡರಷ್ಟಕ್ಕೆ ಮಾರ್ತಿದ್ದೆ!" ಎಂದು ಹಣೆ ಬಡಿದುಕೊಂಡರು.

೫. ಬಾವಲಿ ಗೇಟು

ಮರುದಿನ ಮೈಸೂರಿನಿಂದ ಹೊರಟೆವು. ಅದೇ ದಿನ ಮಧ್ಯಾಹ್ನ ಮಾಷ್ ನಮ್ಮ ಅಂಗಡಿಗೆ ಬಂದು ಅವಳು ಬಾರಿಸುವುದನ್ನು ಕೇಳುವುದೆಂದು ಗೊತ್ತಾಗಿತ್ತು. ಅದು ತಪ್ಪಿದರೆ ಆ ಜಾಗ ಬೇರೆಯವರಿಗೆ, ನಾದಿನಿ ಹೊಗೆಸೊಪ್ಪಿಗೆ. ಕಾಡಿನ ದಾರಿಯುದ್ದಕ್ಕೂ ಅವಳ ಬೆರಳು ನನ್ನ ಮೊಣಕಾಲಿನ ಮೇಲೆ ಓಡುತ್ತಿತ್ತು. ನಾನೂ ಬೇಡ ಎನ್ನಲಿಲ್ಲ.

ಕೇರಳದ ಗಡಿಯ ಊರಾದ ಬಾವಲಿಯ ಗೇಟಿನಲ್ಲಿ ಅರಣ್ಯ ಇಲಾಖೆಯ ವಾಚರ್ ಬಸ್ಸು ಹತ್ತಿದ. ನಮ್ಮ ಕಾಲ ಬುಡದಲ್ಲಿ ಹಳೆ ಸೀರೆ ಸುತ್ತಿಟ್ಟಿದ್ದ ಉದ್ದನೆಯ ಗಂಟನ್ನು ಬಿಚ್ಚಿಸಿದ. ಬೋಳು ಮರದ ಮೇಲೆ ಕೈಯಾಡಿಸಿದ, ಮೂಸಿದ, ಕುಟ್ಟಿದ.

"ಪಾಸ್ ಎಲ್ಲಿ?"

"ಯಾವ ಪಾಸು?" ಎಂದೆ.

"ಮರ ಸಾಗಿಸೋ ಪಾಸು."

"ಇದು ಮರ ಅಲ್ಲಪ್ಪ, ವಾದ್ಯ!"

"ಚೇಚೀ, ನನಗೆ ಹೇಳಬೇಡಿ. ಚೆಂಡೆ ಪೊಳ್ಳು. ಮದ್ದಳೆ ಪೊಳ್ಳು. ವೀಣೆ ಪೊಳ್ಳು. ಪೊಳ್ಳಿದ್ದರೆ ವಾದ್ಯ, ಗಟ್ಟಿಯಿದ್ದರೆ ಮರ. ಅಲ್ಲಾ, ಎಲ್ಲರೂ ವಯನಾಡಿನಿಂದ ಮರ ಆಚೆ ಸಾಗಿಸಿದರೆ, ನೀವು ಈಚೆ ತರ್ತಿದ್ದೀರಲ್ಲ? ಅದೇ ನನಗೆ ಸಂಶಯ!"

ನಾದಿನಿ ನಿಂತು ಬಾರಿಸಿ ತೋರಿಸಿದಳು. ವೈರಿಲ್ಲದ ಎಲೆಕ್ಟ್ರಿಕ್ ಗಿಟಾರು. ಸೊಳ್ಳೆ ಹಾಡಿದಂತೆ ಟಿಂಯ್ ಟಿಂಯ್ ಎಂದಿತು. ವಾಚರ್ ಬಗ್ಗಿ ಕೇಳಿದ. "ಇದಕ್ಕಿಂತ ನಮ್ಮ ಮನೆ ಮಂಚ ಜೋರಾಗಿ ಕೂಗ್ತದೆ" ಎಂದ.

ನಮ್ಮನ್ನು ಇಳಿಸಿ ಬಸ್ಸು ಹೊರಟಿತು. "ಕಾಟ್ಟಿಕುಳಂನಲ್ಲಿ ಮೈಕ್ ಸೆಟ್ ಅಂಗಡಿಗೆ ಹೇಳಿ, ಆಂಪ್ಲಿಫೈಯರ್ ತರಲಿ!" ಎಂದು ಕಂಡಕ್ಟರನಿಗೆ ಕೂಗಿದೆ.

ಕಾಯುತ್ತಿರುವಾಗ ಪೊಲೀಸ್ ಜೀಪೊಂದು ಬಂತು. ಇಳಿದವನು ಅದೇ ದಪ್ಪ ಕಾನ್‌ಸ್ಟೇಬಲ್! ನನ್ನನ್ನು, ನಾದಿನಿಯನ್ನು, ಅವಳ ಕೈಯಲ್ಲಿದ್ದದ್ದನ್ನು ನೋಡಿದವನೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ನೀವೇ ಹೇಳಿ, ಇದು ಗಿಟಾರು ಹೌದೋ ಅಲ್ಲವೋ?" ಎಂದು ವಾಚರ್ ಅವನನ್ನೇ ಕೇಳಿದ.

ಕಾನ್‌ಸ್ಟೇಬಲ್ ದೂರದಿಂದಲೇ ಸುತ್ತು ಹಾಕಿ ನೋಡಿದ. "ಗಿಟಾರು ನನಗೆ ಚೆನ್ನಾಗಿ ಗೊತ್ತು. ನಡುವೆ ತೂತಿರ್ತದೆ. ಇದರಲ್ಲಿ ತೂತಿಲ್ಲ. ಇದು ಗಿಟಾರಲ್ಲ."

ನಾದಿನಿಯ ಕಣ್ಣಲ್ಲಿ ನೀರು ಬಂತು. ಆದರೂ ಬೆರಳು ನಿಲ್ಲಲಿಲ್ಲ.

ಕೊನೆಗೆ ಯಜಮಾನರ ಜೀಪು ಧೂಳೆಬ್ಬಿಸಿಕೊಂಡು ಬಂತು. ಹಿಂದೆ ಆಂಪ್ಲಿಫೈಯರ್ ಪೆಟ್ಟಿಗೆ, ಮೇಲೆ ಕಹಳೆಯಂಥ ಸ್ಪೀಕರ್, ಪಕ್ಕದಲ್ಲಿ ಕೊಡೆ ಹಿಡಿದು ಕೂತ ಮಾಷ್. ಕೇಳಬೇಕಾದ ಹುಡುಗಿಯೂ ಇಲ್ಲೇ, ಆಂಪ್ಲಿಫೈಯರೂ ಇಲ್ಲೇ ಅಂದಮೇಲೆ ಅವರು ಅಲ್ಲಿ ಕೂತು ಮಾಡುವುದೇನು? ಜೀಪಿನ ಬ್ಯಾಟರಿಗೆ ವೈರು ಕೊಟ್ಟದ್ದಾಯಿತು. ನಾದಿನಿ ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತು ತಂತಿ ಮೀಟಿದಳು.

ಕಾಡೆಲ್ಲ ಒಮ್ಮೆ ಬೆಚ್ಚಿತು. ಮರದ ಮೇಲಿನ ಮಂಗಗಳು ಹೊಳೆಯಾಚೆ ಹಾರಿದವು. ಆಮೇಲೆ ಅಷ್ಟು ದಿನ ಮೊರದ ಮೇಲೆ, ತಟ್ಟೆಯ ಮೇಲೆ, ನನ್ನ ಬೆನ್ನ ಮೇಲೆ ಅವಳು ಬಾರಿಸುತ್ತಿದ್ದದ್ದು ಏನೆಂದು ಮೊದಲ ಸಲ ನನ್ನ ಕಿವಿಗೆ ಬಿತ್ತು. ಎರಡೂ ಕಡೆ ನಿಂತ ಲಾರಿಯವರು ಇಳಿದು ಬಂದರು.

ಮುಗಿದಾಗ ವಾಚರ್ ಟೋಪಿ ತೆಗೆದ. "ವಾದ್ಯವೇ!" ಎಂದ.

ಮಾಷ್ ಮಾತ್ರ ಇನ್ನೂ ಒಪ್ಪಲಿಲ್ಲ. ಕೊಡೆ ಮಡಚುತ್ತ, "ಒಬ್ಬಳೇ ಬಾರಿಸುವುದು ಸರಿ. ತಂಡ ಅಂದರೆ ಇನ್ನೊಬ್ಬರ ಜೊತೆ ಬಾರಿಸಬೇಕು. ಅದು ಬರುತ್ತದೋ ಇಲ್ಲವೋ ಹೇಗೆ ಹೇಳಲಿ? ಇಲ್ಲಿ ಯಾರಿದ್ದಾರೆ?" ಎಂದರು. ಹೊರಡಲು ಅವಸರ ಬೇರೆ.

ಅಷ್ಟರಲ್ಲಿ ಟಕ್ ಟಕ್ ಎಂದು ಸದ್ದು ಕೇಳಿ ತಿರುಗಿದೆವು. ವಾಚರ್ ಆಂಪ್ಲಿಫೈಯರಿನ ಪೆಟ್ಟಿಗೆ ಕುಟ್ಟುತ್ತಿದ್ದ. "ಇದು ಬೀಟೆ ಮರ. ಇದಕ್ಕೆ ಪಾಸ್ ಎಲ್ಲಿ?"

ಯಜಮಾನರ ಮುಖ ಬಿಳುಚಿತು. ಮಾವನವರ ಕಾಲದ ಹಳೇ ಬಾಗಿಲು ಒಡೆದು ಮಾಡಿಸಿದ ಪೆಟ್ಟಿಗೆ ಅದು. ಅದು ಹೋದರೆ ಅಂಗಡಿಯೇ ಹೋದಂತೆ. ಆಗ ಕಾನ್‌ಸ್ಟೇಬಲ್, ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು, ಬಗ್ಗಿ, ಪೆಟ್ಟಿಗೆಯ ಹಿಂದೆ ವೈರಿಗೆಂದು ಕೊರೆದ ದುಂಡನೆಯ ರಂಧ್ರವನ್ನು ನೋಡಿದ. ಮುಖ ಅರಳಿತು.

"ತೂತುಂಟು! ಇದು ಗಿಟಾರು!"

ವಾಚರ್ ಮತ್ತೊಮ್ಮೆ ಕುಟ್ಟಿ ನೋಡಿದ. ಡಬ್ ಡಬ್. ಅವನದೇ ಮಾತು, ಪೊಳ್ಳಿದ್ದರೆ ವಾದ್ಯ. ಆದರೆ ಅಷ್ಟಕ್ಕೆ ಬಿಡುವವನಲ್ಲ. "ವಾದ್ಯವಾದರೆ ಬಾರಿಸಿ ತೋರಿಸಿ" ಎಂದ.

ಹುಟ್ಟಿದಾಗಿನಿಂದ ಒಂದು ತಾಳವನ್ನೂ ಸರಿಯಾಗಿ ಹಾಕದ ನಮ್ಮ ಯಜಮಾನರು ನೆಲದ ಮೇಲೆ ಕೂತರು. ಪೆಟ್ಟಿಗೆಯನ್ನು ತೊಡೆಗಾನಿಸಿಕೊಂಡು ಎರಡೂ ಕೈಯಲ್ಲಿ ಬಾರಿಸತೊಡಗಿದರು. ಒಮ್ಮೆ ಮೆಲ್ಲಗೆ, ಒಮ್ಮೆ ಮೈಮೇಲೆ ದೇವರು ಬಂದಂತೆ, ನಡುವೆ ಒಂದು ಕೆಮ್ಮು. ನಾದಿನಿ ಕ್ಷಣ ನೋಡಿದಳು. ಅಣ್ಣ ಓಡಿದಾಗ ಓಡಿದಳು, ನಿಂತಾಗ ನಿಂತಳು, ಕೆಮ್ಮಿದಾಗ ಒಂದು ತಂತಿ ಎಳೆದು ಕಾದಳು. ಆ ಡಬಡಬವೂ ಒಂದು ಹಾಡೇ ಇರಬೇಕು ಎನ್ನಿಸುವಂತೆ ಕೊನೆಯವರೆಗೆ ಮುಟ್ಟಿಸಿದಳು. ವಾಚರ್ ತಲೆದೂಗುತ್ತ ಗೇಟು ಎತ್ತಿದ.

ಮಾಷ್ ಹಣೆಯ ಬೆವರು ಒರೆಸಿಕೊಂಡರು.

"ಇಂಥವರ ಜೊತೆಯೂ ತಾಳ ತಪ್ಪದೆ ಬಾರಿಸಿದಳಲ್ಲ! ನಾಳೆಯಿಂದಲೇ ಬರಲಿ" ಎಂದರು. ಜೀಪು ಹತ್ತಿದವರು ಮತ್ತೆ ಗಾಬರಿಯಿಂದ ಇಳಿದು ಬಂದು ನನ್ನ ಕಿವಿಯ ಹತ್ತಿರ ಕೇಳಿದರು:

"ಇವರು ಬರುವುದಿಲ್ಲ ತಾನೇ?"