ಹಡಗು ಯಾಕೆ ತೇಲುತ್ತದೆ ಎಂದು ಹೇಳಲು ಹೋಗಿ

ಬರೆದು ರೂಢಿಯಿಲ್ಲ, ಹೇಳುವುದು ಹಿಂದುಮುಂದಾದರೆ ಕ್ಷಮಿಸಬೇಕು. ನಾನು ಹುನಗುಂದದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ, ಯಾವಾಗ ಬೇಕಾದರೂ ಹೊರಡಿ ಎನ್ನಿಸಿಕೊಳ್ಳಬಹುದಾದವನು. ದ್ರವಗಳ ಪಾಠ ಶುರುವಾದಾಗಿನಿಂದ ನನಗೆ ಒಂದಿಲ್ಲೊಂದು ಫಜೀತಿ ಆಗುತ್ತಲೇ ಇದೆ. ಪ್ರಾಚಾರ್ಯರು ಕರೆದು ಹೇಳಿದ್ದರು: "ನಿಮ್ಮ ಪಾಠ ಯಾರಿಗೂ ತಿಳಿಯಂಗಿಲ್ಲಂತ. ಶುಕ್ರವಾರ ನಾನ ಬಂದು ಕುಂದರ್ತೇನಿ. ವಸ್ತು ಯಾಕ ತೇಲತಾವಂತ ಹುಡುಗರೊಳಗ ಒಬ್ಬರರ ಹೇಳಬೇಕು. ಇಲ್ಲಂದ್ರ ಬ್ಯಾರೆಯವರನ್ನ ನೋಡ್ತೇನಿ."

೧. ಆಲೂಗಡ್ಡೆ

ಪುಸ್ತಕದಲ್ಲಿರುವುದು ಮೊಟ್ಟೆಯ ಪ್ರಯೋಗ. ಸಾದಾ ನೀರಿನಲ್ಲಿ ಮುಳುಗಿದ ಮೊಟ್ಟೆ ಉಪ್ಪು ಕಲಸಿದರೆ ತೇಲುತ್ತದೆ. ಉಪ್ಪುನೀರಿನ ಸಾಂದ್ರತೆ ಹೆಚ್ಚು, ಅಂದರೆ ಅಷ್ಟೇ ಜಾಗದಲ್ಲಿ ಹೆಚ್ಚು ತೂಕ, ಆದ್ದರಿಂದ ಅದು ಜೋರಾಗಿ ಮೇಲಕ್ಕೆ ತಳ್ಳುತ್ತದೆ. ಆದರೆ ಸಾಮಾನು ತಂದುಕೊಡುವ ಕಾಲೇಜಿನ ಸಿಪಾಯಿ ಒಪ್ಪಲಿಲ್ಲ. "ಕ್ಲಾಸಿನ್ಯಾಗ ಶರಣರ ಫೋಟೋ ಮುಂದ ತತ್ತಿ ಇಡ್ತೀರೇನ್ರಿ ಸರ?" ಎಂದು ಆಲೂಗಡ್ಡೆ ತಂದುಕೊಟ್ಟ.

ಕ್ಲಾಸಿನಲ್ಲಿ ಅದನ್ನು ನೀರಿನ ಪಾತ್ರೆಗೆ ಬಿಟ್ಟು ಉಪ್ಪು ಹಾಕುತ್ತ ಹೋದೆ. ಆಲೂಗಡ್ಡೆ ಚಂದವಾಗಿ ಎದ್ದು ಬಂತು. "ಯಾಕ?" ಎಂದೆ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸಾರಿಗೆ ಉಪ್ಪು ಹೆಚ್ಚಾದ್ರ ಆಲೂಗಡ್ಡಿ ಹಾಕತಾರ್ರಿ, ಅದು ಹೀರತೈತಿ. ಇದು ಭಾಳ ಉಪ್ಪು ಕುಡದು, ತಡಕೊಳ್ಳಾಕಾಗದ ಮ್ಯಾಲೆ ಬಂತ್ರಿ."

ಇಡೀ ಕ್ಲಾಸು ತಲೆಯಾಡಿಸಿತು. ನಾನು ಹೇಳಿದ್ದಕ್ಕೆ ಅಷ್ಟು ತಲೆಗಳು ಎಂದೂ ಆಡಿದ್ದಿಲ್ಲ.

೨. ತಗಡು

ಮನೆಯಲ್ಲಾದರೂ ಹೇಳಿ ರೂಢಿ ಮಾಡಿಕೊಳ್ಳೋಣವೆಂದು, ಮಗ್ಗದಲ್ಲಿ ಇಳಕಲ್ ಸೀರೆ ನೇಯುತ್ತಿದ್ದ ಮನೆಯೊಡತಿಯ ಮುಂದೆ ಕುಳಿತೆ. ನನ್ನ ಬಾಡಿಗೆ ಖೋಲಿಯ ಮೇಲೆ ತಗಡಿನ ಚಾವಣಿ. ಹಾರಿಹೋಗದಿರಲೆಂದು ಅದರ ಮೇಲೆ ಕಲ್ಲು ಹೇರಿದ್ದಾರೆ. ನಾನು ವಿವರಿಸಿದೆ: ಮೇಲೆ ಗಾಳಿ ಜೋರಾಗಿ ಹರಿದಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಆಗ ಒಳಗೆ ಸುಮ್ಮನೆ ನಿಂತ ಗಾಳಿಯೇ ತಗಡನ್ನು ಮೇಲಕ್ಕೆ ದೂಡುತ್ತದೆ.

ಮಗ್ಗ ನಿಂತಿತು. "ಅಂದ್ರ, ದೂಡೂದು ನಿಮ್ಮ ಖೋಲಿ ಒಳಗಿನ ಗಾಳಿ?"

"ಹೌದ್ರಿ!" ಎಂದೆ. ಕೊನೆಗೂ ಒಬ್ಬರಿಗೆ ತಿಳಿಯಿತು.

"ಹಂಗಾರ ಇನ್ನ ಮ್ಯಾಲೆ ಕಲ್ಲು ನೀವ ಏರಸ್ರಿ. ಗಾಳಿ ನಿಮ್ದು."

ಕಲ್ಲು ಹೊತ್ತು ಏಣಿ ಹತ್ತಿದೆ.

೩. ಹಡಗು

ಶುಕ್ರವಾರ ಪ್ರಾಚಾರ್ಯರು ಬಂದರು. ಅವರ ವಿಷಯ ಇತಿಹಾಸ. "ಕಬ್ಬಿಣದ ಹಡಗು ಯಾಕ ತೇಲತೈತಿ?" ಎಂದು ಕೇಳಿದರು. ಎದ್ದವಳು ಆ ಆಲೂಗಡ್ಡೆಯ ಹುಡುಗಿ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ಹಡಗ ನೀರು ಸರಸ್ತೈತ್ರಿ. ಸರದ ನೀರಿನ ತೂಕ ಎಷ್ಟೋ, ಅಷ್ಟ ಜೋರಲೆ ನೀರು ಅದನ್ನ ಮ್ಯಾಲೆ ದೂಡತೈತಿ. ಅದು ಹಡಗಿನ ತೂಕಕ್ಕ ಸಮ ಆದ್ರ ತೇಲತೈತ್ರಿ."

ನನ್ನ ಕಣ್ಣು ತುಂಬಿ ಬಂತು.

"ತಪ್ಪು. ಕುಂದರು," ಎಂದರು ಪ್ರಾಚಾರ್ಯರು. "ಒಳಗ ಗಾಳಿ ಇರತೈತಿ, ಅದಕ್ಕ ತೇಲತೈತಿ. ಬರ್ಕೋರಿ ಎಲ್ಲಾರೂ."

ಎಲ್ಲರೂ ಬರೆದುಕೊಂಡರು. ಆ ಹುಡುಗಿಯೂ.

"ಏನ್ರಿ ಸರ, ಖರೆ ಹೌದಲ್ಲೋ?" ಎಂದು ಪ್ರಾಚಾರ್ಯರು ನನ್ನತ್ತ ತಿರುಗಿದರು.

ಹೂಂ ಎಂದಿದ್ದರೆ ನೌಕರಿ ಉಳಿಯುತ್ತಿತ್ತು. "ಆಕಿ ಹೇಳಿದ್ದ ಖರೆ ಐತ್ರಿ," ಎಂದುಬಿಟ್ಟೆ. ಅವರು ಎದ್ದುಹೋದರು.

ಈಗ ಊಟದ ಬಿಡುವು. ಇನ್ನೇನು ಪ್ರಾಚಾರ್ಯರ ಕರೆ ಬರುತ್ತದೆ, ಅಷ್ಟರೊಳಗೆ ನಿಮಗಾದರೂ ಹೇಳಿಬಿಡುತ್ತೇನೆ. ಒಳಗೆ ಗಾಳಿ ಇದ್ದರಷ್ಟೇ ಸಾಲದು. ಕಬ್ಬಿಣ, ಸಾಮಾನು, ಗಾಳಿ ಎಲ್ಲ ಸೇರಿಸಿದ ತೂಕವನ್ನು ಹಡಗಿನ ಒಟ್ಟು ಗಾತ್ರದಿಂದ ಭಾಗಿಸಿದರೆ ಸಿಗುವುದು ಸರಾಸರಿ ಸಾಂದ್ರತೆ, ಅದು ನೀರಿಗಿಂತ—

ಬಾಗಿಲಲ್ಲಿ ಸಿಪಾಯಿ. "ಲಗೂನ ಬರ್ರಿ ಸರ. ಗಾಳಿ ಐತಿ, ತೇಲತೈತಿ ಅಂತ ಸಾಹೇಬ್ರು ತಮ್ಮ ಊಟದ ಡಬ್ಬಿ ಬಕೀಟಿನ್ಯಾಗ ಬಿಟ್ರು. ರೊಟ್ಟಿ ಪಲ್ಯ ಸಮೇತ ತಳ ಸೇರೈತಿ. ಯಾಕ ಮುಳುಗಿತಂತ ನೀವ ಬಂದು ಹೇಳಬೇಕಂತ. ಹಸದಾರ್ರಿ, ಉದ್ದಕ ಹೇಳಬ್ಯಾಡ್ರಿ."