ಕೊನೆಯ ಎರಡು ಸಾಲು

ಪತ್ರಿಕೆಯ ಪುಟ ಕಟ್ಟುವವರಿಗೆ ಬರಹ ಎರಡು ಸಾಲು ಹೆಚ್ಚಾದರೆ ದೊಡ್ಡ ತಲೆನೋವು. ಕತ್ತರಿರಾಯರಿಗೆ ಮಾತ್ರ ಆ ತಲೆನೋವೇ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವರು ಹೆಚ್ಚಾದ ಬಾಲವನ್ನು ಓದದೆಯೇ ಕತ್ತರಿಸುತ್ತಿದ್ದರು. "ಹೇಳೋದನ್ನೆಲ್ಲ ಮೊದಲೇ ಹೇಳಿರ್ತಾರೆ, ಕೊನೇಲಿ ಬರೀ ಉಪಚಾರ" ಎನ್ನುತ್ತಿದ್ದರು. ಅಡ್ಡಹೆಸರು ಬಂದದ್ದೂ ಹಾಗೆಯೇ.

ಅವತ್ತು ಸಂಜೆ ಅವರಿಗೆ ಸಕ್ಕರೆ ಕಾಯಿಲೆಯ ಪರೀಕ್ಷೆಯಿತ್ತು. "ಮೂರು ತಿಂಗಳಿಂದ ಸಕ್ಕರೆ ಅಂಚಿನಲ್ಲೇ ಇದೆ. ಈ ಸಲವೂ ಇಳಿಯದಿದ್ರೆ ಸೂಜಿ ಶುರು" ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸೂಜಿಯೆಂದರೆ ರಾಯರ ಜೀವ ಬಾಯಿಗೆ ಬರುತ್ತಿತ್ತು. ಆ ಭಯದಲ್ಲಿ ವಾರದಿಂದ ಮನೆಯವರ ಮೇಲೆಲ್ಲ ಸಿಡುಕುತ್ತಿದ್ದರು.

ಬೆಳಿಗ್ಗೆ ಹೆಂಡತಿ ಪತ್ರಿಕೆ ಹಿಡಿದು ಓಡಿಬಂದಳು. "ನೋಡಿ, ನೀವು ಕಟ್ಟಿದ ಪುಟದಲ್ಲೇ ಇದೆ. ಕಿತ್ತಳೇಲಿ ಫ್ಲೇವನಾಯ್ಡ್ ಅಂತ ಏನೋ ಇರುತ್ತಂತೆ. ಮನಸ್ಸು ಹಗುರ ಆಗಬಹುದಂತೆ, ಸಕ್ಕರೆ ಹಿಡಿತಕ್ಕೆ ಬರೋಕೂ ಸಹಾಯ ಆಗಬಹುದಂತೆ."

ಮಣಿಕಟ್ಟು ನೋವಿದ್ದರೂ ಎಂಟು ಹಣ್ಣು ಹಿಂಡಿ ದೊಡ್ಡ ಲೋಟದ ತುಂಬ ರಸ ತಂದಳು. ರಾಯರು ಸಿಹಿ ಕಂಡು ಎರಡು ವರ್ಷವಾಗಿತ್ತು. ಗಟಗಟ ಕುಡಿದರು. "ಆಗಬಹುದು" ಎಂಬ ಮಾತು ಇಬ್ಬರ ಕಿವಿಗೂ "ಆಗುತ್ತದೆ" ಎಂದೇ ಕೇಳಿಸಿತ್ತು.

ಮೆಟ್ಟಿಲಿಳಿಯುವಾಗ ಕೆಳಮನೆಯ ನಿವೃತ್ತ ಮೇಷ್ಟ್ರು ಅಡ್ಡ ಹಾಕಿದರು. "ಒಂದು ಲೋಟ ಯಾವ ಮೂಲೆಗೆ ಸಾಲುತ್ರೀ? ಸಿಪ್ಪೆ ಒಳಗಿನ ಬಿಳಿ ನಾರಿನಲ್ಲಿ ಅಂತೆ ಸತ್ವ ಇರೋದು. ನಾನು ಓದಿದೀನಿ."

ಅವರು ತಿನ್ನಿಸಿದ ಆ ನಾರು ಹಾಗಲಕಾಯಿಗಿಂತ ಕಹಿ. ಕಹಿ ಹೋಗಲೆಂದು ಮೇಷ್ಟ್ರು ಮೇಲೊಂದು ಲೋಟ ರಸ ಕೊಟ್ಟರು. ಕಚೇರಿಯಲ್ಲಿ ಪಕ್ಕದ ಮೇಜಿನ ಅಕ್ಕ ಪತ್ರಿಕೆ ಓದಿ ಫ್ಲಾಸ್ಕ್ ತುಂಬ ಅದೇ ರಸ ತಂದಿದ್ದರು. "ಸಂಜೆ ಪರೀಕ್ಷೆ ಅಂತ ಗೊತ್ತು. ಬೇಡ ಅನ್ನಬೇಡಿ, ನೀವು ನಕ್ಕಿದ್ದನ್ನ ನಾವೂ ಒಂದ್ಸಲ ನೋಡೋಣ" ಎಂದರು. ಮಧ್ಯಾಹ್ನದ ಹೊತ್ತಿಗೆ ರಾಯರು ನಿಜವಾಗಿಯೂ ನಕ್ಕರು. ಅಂದು ಯಾರ ಮೇಲೂ ರೇಗಲಿಲ್ಲ. ಹೊರಡುವ ಮುನ್ನ ಉಳಿದ ರಸವನ್ನೂ ಮುಗಿಸಿದರು.

ಸಂಜೆ ಡಾಕ್ಟರು ಅಂಕಿ ನೋಡಿ ಕನ್ನಡಕ ತೆಗೆದರು. "ಮುನ್ನೂರ ಅರವತ್ತು. ಏನು ತಿಂದ್ರಿ?"

"ತಿಂದಿಲ್ಲ, ಕುಡಿದೆ. ಕಿತ್ತಳೆ ರಸ. ಪೇಪರಿನಲ್ಲಿ ಬಂದಿತ್ತಲ್ಲ..."

"ಹೆಸರು ಹಾಕದೆ ಆ ಅಂಕಣ ಬರೆಯೋನು ನಾನೇ. ಕೊನೇ ಎರಡು ಸಾಲು ಓದಲಿಲ್ವಾ? ಸಕ್ಕರೆ ಕಾಯಿಲೆಯವರು ರಸ ಕುಡೀಬಾರದು, ಹಣ್ಣನ್ನ ನಾರಿನ ಸಮೇತ ಮಿತವಾಗಿ ತಿನ್ನಬೇಕು ಅಂತ ಬರೆದಿದ್ದೆ."

ಜೊತೆಗೆ ಬಂದಿದ್ದ ಹೆಂಡತಿ ಚೀಲದಿಂದ ಪತ್ರಿಕೆಯ ತುಂಡು ತೆಗೆದು ಬಿಡಿಸಿದಳು. ಮತ್ತೆ ಮತ್ತೆ ಓದಿದಳು. "ನನ್ನ ಕಣ್ಣಿಗೇ ಬೀಳಲಿಲ್ಲವೇನೋ. ನಾನೇ ಕೈಯಾರೆ ಹಿಂಡಿ ಕುಡಿಸಿದ್ನಲ್ಲ" ಎನ್ನುತ್ತ ಕಣ್ಣೊರೆಸಿಕೊಂಡಳು.

ಸುಮ್ಮನಿದ್ದರೆ ತಪ್ಪು ಅವಳ ತಲೆಯ ಮೇಲೇ ಉಳಿಯುತ್ತಿತ್ತು. ಆ ಪಾಪ ರಾಯರಿಗೆ ಬೇಡವಾಗಿತ್ತು.

"ಅಲ್ಲಿ ಇದ್ದರೆ ತಾನೇ ನಿನಗೆ ಕಾಣೋದು. ಆ ಸಾಲು ಕತ್ತರಿಸಿದ್ದು ನಾನು" ಎಂದರು.

"ಓದಿ ಕತ್ತರಿಸಿದ್ರಾ?"

"ಇಲ್ಲ ಕಣೇ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಚೀಟಿ ಬರೆದು ಚಾಚಿದರು. ರಾಯರು ಮೇಲಿನ ಸಾಲಷ್ಟೇ ನೋಡಿ ಜೇಬಿಗೆ ಹಾಕಲು ಹೊರಟರು. ಹೆಂಡತಿ ಕೈ ಹಿಡಿದು ತಡೆದಳು.

"ಪೂರ್ತಿ ಓದಿ."

ರಾಯರು ಓದಿದರು. ಕೊನೆಯಲ್ಲಿ ಎರಡೇ ಸಾಲಿದ್ದವು: ದಿನಕ್ಕೆ ಎರಡು ಸೂಜಿ. ನಾನು ಹೇಳುವ ತನಕ ನಿಲ್ಲಿಸಬಾರದು.