ಒಂದು ಸಾಸಿವೆಯಷ್ಟು ನೋವು

ನನ್ನ ಅತ್ತಿಗೆ ವಿಮಾನವನ್ನು ನಂಬುತ್ತಾರೆ, ಹುಲ್ಲನ್ನು ನಂಬುವುದಿಲ್ಲ! ಅಮೆರಿಕದ ಸಿಯಾಟಲ್ ಬಳಿ, ಮುಕಿಲ್ಟಿಯೊ ಎಂಬ ಊರಿನ ಹತ್ತಿರದ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗಳನ್ನು ತಪಾಸಣೆ ಮಾಡುವ ಇಂಜಿನಿಯರ್ ಅವರು. ಹಾಗಾಗಿ ಮನೆಯಲ್ಲೂ ತಪಾಸಣೆ. ನಾಲ್ಕು ವರ್ಷದ ಮಗಳು ಪಾರ್ಕಿನಿಂದ ಬಂದರೆ ಬಾಗಿಲಲ್ಲೇ ನಿಲ್ಲಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ಟಾರ್ಚ್ ಬಿಟ್ಟು, ಸೀರಣಿಗೆಯಲ್ಲಿ ತಲೆ ಬಾಚಿದ ಮೇಲೇ ಒಳಗೆ ಪ್ರವೇಶ. ಹುಡುಕುವುದು ಹೇನನ್ನಲ್ಲ, ಉಣುಗನ್ನು. ಹುಲ್ಲಿನಲ್ಲಿ ಕಾದು ಕೂತು, ದನದ ಕಿವಿಗೆ ಕಚ್ಚಿಕೊಂಡು ರಕ್ತ ಹೀರುತ್ತದಲ್ಲ, ಅದನ್ನು. ಒಮ್ಮೆ ನನಗೂ ಬಾಚಿದರು. ನನ್ನದು ಬೋಳುತಲೆ ಎಂಬ ವಾದ ನಡೆಯಲಿಲ್ಲ!

ನಾವು ನಗುತ್ತಿದ್ದೆವು. ಅಷ್ಟರಲ್ಲಿ ಅಣ್ಣನಿಗೆ ಆಸ್ಟ್ರಿಯಾಕ್ಕೆ ವರ್ಗವಾಯಿತು. ಮಗುವಿಗೆ ಅಲ್ಲಿ ಸಿಕ್ಕ ಶಿಶುವಿಹಾರ ನಡೆಯುವುದು ಕಾಡಿನಲ್ಲಿ! ಅಲ್ಲಿನ ಉಣುಗು ಕಚ್ಚಿದರೆ ಜ್ವರ ಮಿದುಳಿಗೇ ಏರಬಹುದಂತೆ. ಏರಿದ ಮೇಲೆ ಔಷಧವಿಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ಮೊದಲ ಡೋಸ್ ಆಗಿತ್ತು. ಎರಡನೆಯದು ಹೊರಡುವ ಎರಡು ವಾರ ಮೊದಲು ಮುಗಿಯಬೇಕು. ಆ ಶುಕ್ರವಾರವೇ ಕೊನೆಯ ದಿನ. ಅಣ್ಣ ಮುಂಚೆಯೇ ಹೋಗಿದ್ದರಿಂದ ಜೊತೆಗೆ ನಾನು ಹೋದೆ. ಮಳೆ ಬರುತ್ತಿತ್ತು ಎನ್ನುತ್ತದೆ ನನ್ನ ನೆನಪು. ಸಿಯಾಟಲ್ಲಿನ ಪ್ರತಿ ನೆನಪಿಗೂ ಅದು ಮಳೆ ಸೇರಿಸುತ್ತದೆ, ನಂಬಬೇಡಿ.

ಇಸ್ಸಾಕ್ವಾದ ಕ್ಲಿನಿಕ್ ಮುಂದೆ ಕಾರು ನಿಲ್ಲಿಸಿದ ಅತ್ತಿಗೆ ಕದಲಲಿಲ್ಲ.

“ಹತ್ತೂವರೆಗೆ ಅಪಾಯಿಂಟ್‌ಮೆಂಟ್ ಅಲ್ವಾ ಅತ್ತಿಗೆ?”

“ಹನ್ನೆರಡರವರೆಗೂ ರಾಹುಕಾಲ ಕಣೋ. ಕ್ಯಾಲೆಂಡರ್ ನೋಡ್ಕೊಂಡೇ ಬಂದಿದೀನಿ.”

“ಅಡುಗೆಮನೇದಾ? ಅದು ಬೆಂಗಳೂರಿಂದು! ಅಲ್ಲೀಗ ರಾತ್ರಿ ಹನ್ನೊಂದು ದಾಟಿದೆ. ರಾಹು ಊಟ ಮುಗಿಸಿ ಮಲಗಿರ್ತಾನೆ!”

ಅತ್ತಿಗೆ ಫೋನಿನಲ್ಲಿ ಇಲ್ಲಿನ ಸೂರ್ಯೋದಯ, ಸೂರ್ಯಾಸ್ತ ನೋಡಿ, ಹಗಲನ್ನು ಎಂಟು ಭಾಗ ಮಾಡಿ ಚೀರಿದರು: “ಅಯ್ಯೋ, ಇಲ್ಲಿ ಹನ್ನೊಂದೂಕಾಲಿಗೆ ಶುರು! ಇಳಿ, ಓಡು!”

ಓಡಿದೆವು. ಕೌಂಟರಿನಾಕೆ ಗಡಿಯಾರ ನೋಡಿ, ತಡವಾಯಿತು, ಆಗುವುದಿಲ್ಲ ಎಂದು ತಲೆಯಾಡಿಸಿದಳು. ಅತ್ತಿಗೆ ಅವಳಿಗೆ ರಾಹುವನ್ನು ಇಂಗ್ಲಿಷಿನಲ್ಲಿ ಪರಿಚಯಿಸಿದರು. ಏನರ್ಥವಾಯಿತೋ, ಹೆದರಿ ಒಳಗೆ ಬಿಟ್ಟಳು!

ಆದರೆ ಮಗು ಕೈ ಕೊಡಲೊಲ್ಲದು. “ವಿಲ್ ಇಟ್ ಹರ್ಟ್?”

“ಏನೂ ಆಗಲ್ಲ ಪುಟ್ಟಿ” ಎಂದೆ ನಾನು.

“ಸುಳ್ಳು ಹೇಳ್ಬೇಡ್ವೋ!” ಅತ್ತಿಗೆ ಗದರಿದರು. “ನೋಯುತ್ತೆ ಪುಟ್ಟಿ. ಒಗ್ಗರಣೆ ಸಾಸಿವೆ ಕೈಗೆ ಸಿಡಿದಷ್ಟು.”

“ಹೌ ಮೆನಿ ಸಾಸಿವೆ?”

“ಒಂದು.”

ಅಮ್ಮ ಅಡುಗೆ ಮಾಡುವಾಗ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ನಿಲ್ಲುವ ಹುಡುಗಿ. ಒಂದು ಸಾಸಿವೆಯ ಲೆಕ್ಕ ಅವಳಿಗೆ ಗೊತ್ತಿತ್ತು. ಯೋಚಿಸಿದಳು. ತಾನೇ ಅಂಗಿಯ ತೋಳು ಮೇಲಕ್ಕೆ ಸರಿಸಿದಳು. ಸೂಜಿ ಹೋಗಿ ಬಂತು. ಕಣ್ಣ ತುಂಬ ನೀರು, ಬಾಯಲ್ಲಿ ಘೋಷಣೆ: “ಅಮ್ಮಾ, ಇಟ್ ವಾಸ್ ಟೂ ಸಾಸಿವೆ!”

ಎರಡು ಬೆರಳು ಮೇಲೆತ್ತಿಕೊಂಡೇ ಹೊರಬಂದಳು. ಕಾಯುತ್ತಿದ್ದವರು ಅದನ್ನು ವಿಜಯದ ಗುರುತು ಎಂದುಕೊಂಡು ತಾವೂ ಎರಡೆರಡು ಬೆರಳು ಎತ್ತಿದರು. ತಪ್ಪೇನು? ಗಂಟೆ ಹನ್ನೊಂದೂ ಹತ್ತು!

ಕಾರಿನ ಬಳಿ ಅತ್ತಿಗೆ ಕೀ ನನಗೆ ಕೊಟ್ಟು, “ನೀನೇ ಡ್ರೈವ್ ಮಾಡೋ” ಎಂದು ಹಿಂದೆ ಹೋಗಿ ಮಗುವಿನ ಪಕ್ಕ ಕೂತರು. ಕನ್ನಡಿಯಲ್ಲಿ ನನಗೆ ಕಂಡದ್ದು ಅರ್ಧವೇ: ಮಗುವಿನ ಮಡಿಲಲ್ಲಿ ಮುಖವಿಟ್ಟ ಅತ್ತಿಗೆಯ ಬೆನ್ನು ಅಲುಗುತ್ತಿತ್ತು. ಪುಟ್ಟಿ ನೋಯದ ಕೈಯಿಂದ ಅಮ್ಮನ ತಲೆ ಸವರುತ್ತ, “ಆಯ್ತು ಅಮ್ಮಾ, ಆಯ್ತು” ಎನ್ನುತ್ತಿದ್ದಳು.